ಹೊಳೆ ಬದಿಯಲ್ಲಿ ಡೇರೆ ಎಲ್ಲಿ ಹಾಕೋಣ?

ಮಕ್ಕಳೇ, ಶಾಲೆಯಿಂದ ಪ್ರಕೃತಿ ಶಿಬಿರಕ್ಕೆ ಹೋಗುವುದೆಂದರೆ ನಿಮಗೆಲ್ಲ ಬಲು ಇಷ್ಟ ಅಲ್ಲವೇ? ಕಾಡು, ಹೊಳೆ, ಡೇರೆ, ರಾತ್ರಿ ಕಾಣುವ ನಕ್ಷತ್ರ! ಆದರೆ ಡೇರೆಯನ್ನು ಎಲ್ಲಿ ಹಾಕಬೇಕು ಎಂಬುದು ಒಂದು ವಿಜ್ಞಾನದ ಪ್ರಶ್ನೆ. ಅದಕ್ಕೆ ತಪ್ಪು ಉತ್ತರ ಕೊಟ್ಟರೆ ಅಂಕ ಹೋಗುವುದಿಲ್ಲ, ಪ್ರಾಣವೇ ಹೋಗಬಹುದು.

ಹಲವು ವರ್ಷಗಳ ಹಿಂದಿನ ಮಾತು. ದಸರಾ ರಜೆಯಲ್ಲಿ 28 ಮಕ್ಕಳನ್ನು ಕರೆದುಕೊಂಡು ನಾವು ಮೂವರು ಶಿಕ್ಷಕರು ಹೆಬ್ರಿ ಕಡೆಯ ಒಂದು ಹೊಳೆಯ ದಡಕ್ಕೆ ಹೋಗಿದ್ದೆವು. ಹೊಳೆಯ ತಿರುವಿನಲ್ಲಿ ಬಿಳಿ ಮರಳಿನ ಹಾಸು. ಮುಳ್ಳಿಲ್ಲ, ಕಲ್ಲಿಲ್ಲ, ಸಮತಟ್ಟು. "ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ" ಎಂದು ಹೇಳಿದವನು ನಾನೇ. ಮೂರು ಕಲ್ಲಿಟ್ಟು ಒಲೆಯನ್ನೂ ಹೂಡಿದ್ದಾಯಿತು. ಆಗ ಹುಲ್ಲಿನ ಹೊರೆ ಹೊತ್ತು ಬಂದ ಅಜ್ಜಿಯೊಬ್ಬರು ನಿಂತು ನೋಡಿದರು. "ಮಾಷ್ಟ್ರೇ, ಮಕ್ಕಳನ್ನು ಇಲ್ಲಿ ಮಲಗಿಸುವುದಾ? ಬೇಡ ಮಾರಾಯ್ರೆ. ಆ ಹೊಂಗೆ ಮರ ನೋಡಿ" ಎಂದರು.

ನೋಡಿದೆ. ನನ್ನ ತಲೆಗಿಂತ ಎತ್ತರದ ಕೊಂಬೆಯಲ್ಲಿ ಒಣ ಹುಲ್ಲು, ಬಿದಿರಿನ ತುಂಡು, ಒಂದು ಹರಿದ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದ್ದವು. ಹಕ್ಕಿ ಗೂಡಲ್ಲ. ಹಾಗಾದರೆ ಅವು ಅಲ್ಲಿಗೆ ಹೇಗೆ ಹೋದವು? ಯೋಚಿಸಿ.

ನಾವು ಡೇರೆ ಕಿತ್ತು, ಮೇಲಿನ ಗದ್ದೆಯ ಬದಿಗೆ ಹೋದೆವು. ಅಂದು ರಾತ್ರಿ ನಾವಿದ್ದಲ್ಲಿ ಒಂದು ಹನಿ ಮಳೆ ಬರಲಿಲ್ಲ. ಒಂಬತ್ತರ ಹೊತ್ತಿಗೆ ಘಟ್ಟದ ಕಡೆ ಮಿಂಚು ಮಾತ್ರ ಕಾಣುತ್ತಿತ್ತು. ಹನ್ನೆರಡರ ಸುಮಾರಿಗೆ ಹೊಳೆಯ ಸದ್ದು ಬದಲಾಯಿತು. ಬೆಳಗ್ಗೆ ಹೋಗಿ ನೋಡಿದರೆ ಮರಳಿನ ಹಾಸೇ ಇರಲಿಲ್ಲ. ಅಲ್ಲಿ ಸೊಂಟದ ಮಟ್ಟದ ಕೆಂಪು ನೀರು ಓಡುತ್ತಿತ್ತು. ಒಲೆಯ ಕಲ್ಲುಗಳೂ ಇರಲಿಲ್ಲ.

ಆ ಅಜ್ಜಿ ಓದಿದ್ದು ಪುಸ್ತಕವನ್ನಲ್ಲ, ನೀರು ಬಿಟ್ಟುಹೋದ ಗುರುತನ್ನು. ಅದನ್ನು ಓದುವುದನ್ನು ನಾವೂ ಈ ಪಾಠದಲ್ಲಿ ಕಲಿಯೋಣ.

ನಮ್ಮ ಹೊಳೆಗಳು ಏಕೆ ಬೇಗ ಉಕ್ಕುತ್ತವೆ?

ಉಡುಪಿ ಜಿಲ್ಲೆಯ ನಕ್ಷೆಯನ್ನು ತೆರೆಯಿರಿ. ಪೂರ್ವದಲ್ಲಿ ಪಶ್ಚಿಮ ಘಟ್ಟ, ಪಶ್ಚಿಮದಲ್ಲಿ ಅರಬ್ಬೀ ಸಮುದ್ರ. ಸೀತಾನದಿ, ಸ್ವರ್ಣಾ ನದಿಗಳು ಘಟ್ಟದಲ್ಲಿ ಹುಟ್ಟಿ, ಹೆಬ್ರಿ, ಕಾರ್ಕಳ, ಉಡುಪಿ ಸೀಮೆಗಳನ್ನು ಹಾದು ಕೋಡಿಬೆಂಗ್ರೆಯ ಬಳಿ ಕಡಲು ಸೇರುತ್ತವೆ. ಕೃಷ್ಣಾ, ಕಾವೇರಿಗಳಂತೆ ಇವು ನೂರಾರು ಕಿಲೋಮೀಟರ್ ನಿಧಾನವಾಗಿ ಹರಿಯುವ ನದಿಗಳಲ್ಲ. ಉದ್ದ ಕಡಿಮೆ, ಇಳಿಜಾರು ಹೆಚ್ಚು.

ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಬೀಳುತ್ತದೆ. ಅಷ್ಟೂ ನೀರು ಹರಿಯದೆ ನಿಂತರೆ ಎರಡಂತಸ್ತಿನ ಮನೆಯ ಎತ್ತರಕ್ಕೆ ಬರುತ್ತದೆ! ಒಂದು ಹೊಳೆಗೆ ನೀರು ಬಂದು ಸೇರುವ ಗುಡ್ಡ, ಕಾಡು, ಬೈಲುಗಳೆಲ್ಲ ಸೇರಿ ಆ ಹೊಳೆಯ ಜಲಾನಯನ ಪ್ರದೇಶ.

ಈಗ ಒಂದು ಲೆಕ್ಕ. ಹೊಳೆಯೊಂದರ ಜಲಾನಯನ ಪ್ರದೇಶ 10 ಚದರ ಕಿಲೋಮೀಟರ್ ಇರಲಿ. ಅಲ್ಲಿ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿತ್ತು.

10 ಚದರ ಕಿ.ಮೀ. = 1,00,00,000 ಚದರ ಮೀಟರ್
50 ಮಿ.ಮೀ. = 0.05 ಮೀಟರ್
ನೀರು = 1,00,00,000 × 0.05 = 5,00,000 ಘನ ಮೀಟರ್ = 50 ಕೋಟಿ ಲೀಟರ್

10,000 ಲೀಟರಿನ 50,000 ಟ್ಯಾಂಕರುಗಳು! ಕಾಡು ದಟ್ಟವಾಗಿದ್ದರೆ ಇದರಲ್ಲಿ ಒಂದು ಪಾಲನ್ನು ತರಗೆಲೆಯೂ ಮಣ್ಣೂ ಹೀರಿಕೊಂಡು ನಿಧಾನವಾಗಿ ಬಿಡುತ್ತವೆ. ಮಣ್ಣು ಮೊದಲೇ ನೆನೆದು ತುಂಬಿದ್ದರೆ ಉಳಿದದ್ದೆಲ್ಲ ಹೊಳೆಗೇ ಇಳಿಯುತ್ತದೆ.

ಇನ್ನೊಂದು ಲೆಕ್ಕ. ಹೊಳೆಯ ವೇಗ ಸೆಕೆಂಡಿಗೆ 2 ಮೀಟರ್ ಎಂದರೆ ಗಂಟೆಗೆ 7.2 ಕಿ.ಮೀ. ನಿಮ್ಮ ಡೇರೆಯಿಂದ 15 ಕಿ.ಮೀ. ಮೇಲೆ ಹೊಳೆಗೆ ಇಳಿದ ನೀರು ಸುಮಾರು ಎರಡು ಗಂಟೆಯಲ್ಲಿ ಡೇರೆಯ ಬಳಿ ಇರುತ್ತದೆ. ಗುಡ್ಡದ ನೀರು ಸಣ್ಣ ತೋಡುಗಳಲ್ಲಿ ಕೂಡಿ ಹೊಳೆಗೆ ಬರಲು ಇನ್ನಷ್ಟು ಹೊತ್ತು ಬೇಕು. ಅಂದರೆ ಘಟ್ಟದಲ್ಲಿ ಸಂಜೆ ಸುರಿದ ಮಳೆ, ನೀವು ನಿದ್ದೆಹೋದ ಮೇಲೆ, ನಕ್ಷತ್ರ ಕಾಣುವ ಆಕಾಶದ ಕೆಳಗೆ ಬಂದು ತಲುಪಬಹುದು.

ಇದು ಬರೀ ಲೆಕ್ಕವಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ಒಂದೇ ದಿನ 300 ಮಿ.ಮೀ.ಗೂ ಮೀರಿ ಮಳೆ ಸುರಿದು ಸ್ವರ್ಣಾ, ಸೀತಾ ನದಿಗಳು ಉಕ್ಕಿ ಹರಿದವು. ಮನೆಗಳಿಗೆ ನೀರು ನುಗ್ಗಿ ಸಾವಿರಾರು ಜನರನ್ನು ಸ್ಥಳಾಂತರಿಸಬೇಕಾಯಿತು. 2024ರ ಅಕ್ಟೋಬರ್ 6ರಂದು ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆ, ಮುದ್ರಾಡಿ ಪರಿಸರದಲ್ಲಿ ಗುಡ್ಡದ ಕಡೆಯಿಂದ ಹಠಾತ್ತನೆ ನೆರೆ ಬಂದು, ವಾಹನಗಳು ಕೊಚ್ಚಿಹೋದವು, ವೃದ್ಧೆಯೊಬ್ಬರು ಪ್ರಾಣ ಕಳೆದುಕೊಂಡರು. ಎರಡೂ ನಡೆದದ್ದು ಮಳೆಗಾಲ ಮುಗಿಯುತ್ತ ಬಂದಾಗ ಎಂಬುದನ್ನು ಗಮನಿಸಿ.

ನಾಲ್ಕು ಜಾಗಗಳು: ನೀವು ಯಾವುದನ್ನು ಆರಿಸುವಿರಿ?

ನೋಟ್ ಪುಸ್ತಕದಲ್ಲಿ ಒಂದು ಹೊಳೆಯ ಚಿತ್ರ ಬರೆದು ನಾಲ್ಕು ಜಾಗ ಗುರುತಿಸಿ.

ಅ) ಹೊಳೆಯ ತಿರುವಿನ ಒಳಬದಿಯ ಮರಳಿನ ಹಾಸು.
ಆ) ಗುಡ್ಡದಿಂದ ಇಳಿಯುವ ಒಣ ತೋಡು ಹೊಳೆಯನ್ನು ಸೇರುವಲ್ಲಿ ಬೀಸಣಿಗೆಯಂತೆ ಹರಡಿದ ಸಮತಟ್ಟು ನೆಲ.
ಇ) ದೊಡ್ಡ ಹಳೆಯ ಮರದ ನೆರಳು. ಪಕ್ಕದಲ್ಲೇ ನೀರಿಗೆ ಇಳಿಯುವ ಸಣ್ಣ ಕಾಲುದಾರಿ.
ಈ) ಹೊಳೆಯಿಂದ 70 ಮೀಟರ್ ದೂರದ, ನೀರಿನ ಮಟ್ಟಕ್ಕಿಂತ 6–7 ಮೀಟರ್ ಎತ್ತರದ ಬಯಲು. ನೀರು ತರಲು ಸ್ವಲ್ಪ ನಡೆಯಬೇಕು.

ಮುಂದೆ ಓದುವ ಮೊದಲು ನಿಮ್ಮ ಉತ್ತರ ಬರೆಯಿರಿ.

ಜಾಗ ಅ: ಮರಳು ಯಾರದ್ದು?

ಹೊಳೆ ತಿರುಗುವಾಗ ಹೊರಬದಿಯಲ್ಲಿ ನೀರಿನ ವೇಗ ಹೆಚ್ಚು, ಅಲ್ಲಿ ದಡ ಕೊರೆಯುತ್ತದೆ. ಒಳಬದಿಯಲ್ಲಿ ವೇಗ ಕಡಿಮೆ, ಅಲ್ಲಿ ಹೊತ್ತು ತಂದ ಮರಳನ್ನು ಇಳಿಸುತ್ತದೆ. ಅಂದರೆ ಮರಳಿನ ಹಾಸನ್ನು ಮಾಡಿದ್ದೇ ಹೊಳೆ. ಮರಳು ಇದೆ ಎಂದರೆ ನೀರು ಅಲ್ಲಿಗೆ ಬಂದಿತ್ತು, ಮತ್ತೆ ಬರುತ್ತದೆ.

ಕಾಪುವಿನ ಮಕ್ಕಳಿಗೆ ಇದು ಸುಲಭ. ದೀಪಸ್ತಂಭದ ಬಳಿಯ ಕಡಲ ದಂಡೆಯಲ್ಲಿ ಚಿಪ್ಪು, ಕಡ್ಡಿ, ಕಸದ ಒಂದು ಸಾಲನ್ನು ನೀವು ನೋಡಿರುತ್ತೀರಿ. ಉಬ್ಬರದ ಅಲೆ ಎಲ್ಲಿಯವರೆಗೆ ಬಂದಿತ್ತೆಂದು ಆ ಸಾಲು ಹೇಳುತ್ತದೆ. ಹೊಳೆಗೂ ಇಂಥದ್ದೇ ಸಾಲು ಇರುತ್ತದೆ. ಕಡಲಿನ ಸಾಲು ದಿನಕ್ಕೆ ಎರಡು ಬಾರಿ ಬದಲಾಗುತ್ತದೆ, ಹೊಳೆಯದ್ದು ಒಂದು ನೆರೆಯಿಂದ ಇನ್ನೊಂದು ನೆರೆಯವರೆಗೆ ಉಳಿಯುತ್ತದೆ. ಹುಡುಕಬೇಕಾದ ಗುರುತುಗಳು ಇವು:

• ಮರದ ಕೊಂಬೆ, ಪೊದೆಗಳಲ್ಲಿ ಸಿಕ್ಕಿದ ಒಣ ಹುಲ್ಲು, ಪ್ಲಾಸ್ಟಿಕ್.
• ಬಂಡೆ, ಕಾಂಡಗಳ ಮೇಲೆ ಒಣಗಿದ ಕೆಸರಿನ ಗೆರೆ.
• ಒಂದೇ ದಿಕ್ಕಿಗೆ ಬಾಗಿ ಮಲಗಿದ ಗಿಡಗಳು.
• ಮಣ್ಣು ಕೊಚ್ಚಿಹೋಗಿ ಹೊರಬಿದ್ದ ಬೇರುಗಳು.

ಇನ್ನೊಂದು ಮಾತು. ನಮ್ಮ ಹೊಳೆಗಳಿಗೆ ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಅವುಗಳಿಗೆ ಹಲಗೆ ಹಾಕುತ್ತಾರೆ. ಆಗ ಮಳೆಯಿಲ್ಲದೆಯೂ ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಏರುತ್ತದೆ, ಹಲಗೆ ತೆಗೆದಾಗ ಕೆಳಭಾಗದಲ್ಲಿ ಏರುತ್ತದೆ. ಊರಿನವರನ್ನು ಕೇಳದೆ ಇದು ತಿಳಿಯುವುದಿಲ್ಲ.

ಜಾಗ ಆ: ಒಣ ತೋಡಿನ ಬಾಯಿ

ಇದು ನೋಡಲು ಸುರಕ್ಷಿತ. ಹೊಳೆಯಿಂದ ದೂರ, ತೋಡಿನಲ್ಲಿ ನೀರೇ ಇಲ್ಲ. ಆದರೆ ಆ ಬೀಸಣಿಗೆಯಾಕಾರದ ನೆಲ ಬಂದದ್ದು ಎಲ್ಲಿಂದ? ಗುಡ್ಡದಿಂದ ರಭಸವಾಗಿ ಇಳಿದ ನೀರು ಸಮತಟ್ಟಿಗೆ ಬಂದೊಡನೆ ವೇಗ ಕಳೆದುಕೊಂಡು ತಾನು ಹೊತ್ತ ಕಲ್ಲು, ಮಣ್ಣನ್ನು ಅಲ್ಲಿ ಸುರಿಯುತ್ತದೆ. ಹೀಗೆ ಉಂಟಾದ ನೆಲಕ್ಕೆ ಭೂಗೋಳದಲ್ಲಿ ಮೆಕ್ಕಲು ಬೀಸಣಿಗೆ ಎನ್ನುತ್ತಾರೆ.

ಸ್ಪೇನ್ ದೇಶದ ಪಿರಿನೀಸ್ ಪರ್ವತದ ತಪ್ಪಲಿನಲ್ಲಿ ಬಿಯೆಸ್ಕಾಸ್ ಎಂಬ ಊರಿದೆ. ಅಲ್ಲಿನ ಒಂದು ಶಿಬಿರತಾಣವನ್ನು ಇಂಥದ್ದೇ ಬೀಸಣಿಗೆಯ ಮೇಲೆ ಮಾಡಿದ್ದರು. ಮೇಲಿನ ತೊರೆಯ ಜಲಾನಯನ ಪ್ರದೇಶ 20 ಚದರ ಕಿ.ಮೀ.ಗಿಂತ ಕಡಿಮೆ. ತೊರೆಯನ್ನು ಪಳಗಿಸಲು ಸಣ್ಣ ಸಣ್ಣ ತಡೆಗಟ್ಟೆಗಳನ್ನೂ ಕಟ್ಟಿದ್ದರು. 1996ರ ಆಗಸ್ಟ್ 7ರ ಸಂಜೆ ಗುಡ್ಡದ ಮೇಲೆ ಭಾರೀ ಮಳೆ ಬಿತ್ತು. ತಡೆಗಟ್ಟೆಗಳು ಒಡೆದವು. ಕಲ್ಲು, ಕೆಸರು, ಮರಗಳೊಂದಿಗೆ ನೀರು ಶಿಬಿರದ ಮೇಲೆ ಬಂತು. 87 ಮಂದಿ ಸತ್ತರು. 2005ರಲ್ಲಿ ಅಲ್ಲಿನ ನ್ಯಾಯಾಲಯ, ಜಾಗದ ಆಯ್ಕೆ ತಪ್ಪಾಗಿತ್ತೆಂದು ಸರ್ಕಾರವನ್ನು ಹೊಣೆ ಮಾಡಿ ಪರಿಹಾರ ಕೊಡಿಸಿತು.

ಕಾರ್ಕಳ, ಹೆಬ್ರಿ ಕಡೆಯ ಗುಡ್ಡದ ಬುಡದಲ್ಲಿ ಒಣ ತೋಡುಗಳು ನೂರಾರಿವೆ. ಒಣ ತೋಡು ಎಂದರೆ ನೀರು ಬಾರದ ದಾರಿಯಲ್ಲ, ನೀರು ಇನ್ನೂ ಬಾರದ ದಾರಿ.

ಜಾಗ ಇ: ದೊಡ್ಡ ಮರದ ಕೆಳಗೆ

ಡೇರೆ ಹಾಕುವ ಮೊದಲು ತಲೆಯೆತ್ತಿ ನೋಡಿ. ಒಣಗಿದ ಕೊಂಬೆ ಗಾಳಿಯಿಲ್ಲದಾಗಲೂ ಮುರಿದು ಬೀಳಬಹುದು. ಹೆಜ್ಜೇನು ಕಟ್ಟಿದ್ದರೆ ಒಲೆಯ ಹೊಗೆಗೆ ಅವು ಕೆರಳುತ್ತವೆ. ಏಪ್ರಿಲ್–ಮೇ, ಅಕ್ಟೋಬರ್ ತಿಂಗಳುಗಳಲ್ಲಿ ಸಂಜೆ ಗುಡುಗು ಸಿಡಿಲು ಹೆಚ್ಚು. ಒಂಟಿಯಾದ ಎತ್ತರದ ಮರಕ್ಕೆ ಸಿಡಿಲು ಬಡಿಯುವ ಸಾಧ್ಯತೆ ಹೆಚ್ಚು. ಡೇರೆಯ ಬಟ್ಟೆ ಸಿಡಿಲನ್ನು ತಡೆಯುವುದಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. (ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗುಣಿಸಿ ನೋಡಿ.) ಕೂಡಲೇ ಗಟ್ಟಿ ಕಟ್ಟಡದೊಳಗೆ ಅಥವಾ ಬಸ್ಸಿನೊಳಗೆ ಹೋಗಬೇಕು.

ಇನ್ನು ಆ ಕಾಲುದಾರಿ! ಅದು ಮನುಷ್ಯರದ್ದಲ್ಲ. ರಾತ್ರಿ ಕಾಡುಕೋಣ, ಕಡವೆ, ಕಾಡುಹಂದಿಗಳು ನೀರಿಗೆ ಇಳಿಯುವ ದಾರಿ. ಗೊರಸಿನ ಗುರುತು, ಸಗಣಿ ಇದ್ದರೆ ಅದು ಅವುಗಳ ಮನೆಯ ಅಂಗಳವೆಂದು ತಿಳಿಯಿರಿ. ತರಗೆಲೆಯ ರಾಶಿ, ಬಿದಿರ ಮೆಳೆ, ಹುತ್ತಗಳ ಬಳಿಯೂ ಮಲಗಬಾರದು. ಕಾಳಿಂಗ ಸರ್ಪದಂತಹ ಹಾವುಗಳಿಗೆ ಆಗುಂಬೆ–ಸೋಮೇಶ್ವರದ ಕಾಡು ನೆಲೆ. ನಾವು ಅವುಗಳ ಜಾಗ ಬಿಟ್ಟರೆ ಅವು ನಮ್ಮ ಜಾಗಕ್ಕೆ ಬರುವುದಿಲ್ಲ.

ಜಾಗ ಈ: ಸ್ವಲ್ಪ ನಡೆದರೇನು?

ನಾಲ್ಕರಲ್ಲಿ ಇದೇ ಸರಿ. ನೆರೆಯ ಗುರುತಿಗಿಂತ ಮೇಲಿದೆ. ತಲೆಯ ಮೇಲೆ ಒಣ ಕೊಂಬೆಯಿಲ್ಲ. ನೆಲ ತುಸು ಇಳಿಜಾರಾಗಿದ್ದರೆ ಮಳೆನೀರು ನಿಲ್ಲುವುದಿಲ್ಲ. ಆದರೆ ಇನ್ನೂ ಒಂದು ಪರೀಕ್ಷೆ ಉಳಿದಿದೆ: ಹೊಳೆಯನ್ನು ದಾಟದೆ ರಸ್ತೆಗೆ ಹೋಗಲು ಹಿಂದಿನಿಂದ ದಾರಿ ಇದೆಯೇ? ಇಲ್ಲದಿದ್ದರೆ ಅದು ನೆರೆಯಲ್ಲಿ ದ್ವೀಪವಾಗುತ್ತದೆ.

ಹೊಳೆಯಿಂದ ದೂರ ಇರುವುದರಿಂದ ಹೊಳೆಗೂ ಲಾಭ. ಉಡುಪಿ ನಗರಕ್ಕೆ ಬಜೆ ಅಣೆಕಟ್ಟಿನಿಂದ ಕುಡಿಯುವ ನೀರು ಕೊಡುವುದು ಸ್ವರ್ಣಾ ನದಿ. ಮೇಲಿನವರು ಹೊಳೆಯಲ್ಲಿ ಸಾಬೂನು ಹಾಕಿದರೆ, ದಡದಲ್ಲಿ ಬಹಿರ್ದೆಸೆಗೆ ಕುಳಿತರೆ ಅದು ಕೆಳಗಿನವರ ಕೊಡಕ್ಕೆ ಹೋಗುತ್ತದೆ. ಶೌಚಗುಂಡಿ ಹೊಳೆಯಿಂದ ಕನಿಷ್ಠ 60 ಮೀಟರ್ ದೂರವಿರಬೇಕು. ಕುಡಿಯುವ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಬೇಕು. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ.

ಕಾಲಿನಲ್ಲಿ ಗಾಯವಿದ್ದವರು ಕೆಸರು ನೀರಿಗೆ ಇಳಿಯಬಾರದು. ಇಲಿಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಕಾಡಿನಲ್ಲಿ ಉಣ್ಣೆಗಳ ಕಾಟವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಸೊಳ್ಳೆಯಲ್ಲ, ಈ ಉಣ್ಣೆ. ಮೈ ಮುಚ್ಚುವ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಸಂಜೆ ಮೈ ಪರೀಕ್ಷಿಸಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕೆರೆ ಬದಿಯಾದರೆ?

ಕಾರ್ಕಳದ ಆನೆಕೆರೆ, ರಾಮಸಮುದ್ರ, ಮಣಿಪಾಲದ ಮಣ್ಣಪಳ್ಳ ನಿಮಗೆ ಗೊತ್ತು. ಕೆರೆಯ ನೀರು ಹೊಳೆಯಂತೆ ನುಗ್ಗಿ ಬರುವುದಿಲ್ಲ ನಿಜ. ಆದರೆ ನಿಂತ ನೀರಿನ ಬಳಿ ಸೊಳ್ಳೆ ಹೆಚ್ಚು, ರಾತ್ರಿ ತೇವ ಮತ್ತು ಮಂಜು ಹೆಚ್ಚು. ಕೆರೆಯ ತಳ ಎಲ್ಲಿ ಆಳವಾಗುತ್ತದೆಂದು ಮೇಲಿನಿಂದ ತಿಳಿಯದು. ಕೆರೆಯ ಕೋಡಿ ಹರಿಯುವ ದಾರಿಯಲ್ಲಿ ಡೇರೆ ಹಾಕಿದರೆ ಅದು ಒಣ ತೋಡಿನಲ್ಲಿ ಹಾಕಿದಂತೆಯೇ.

ಎಲ್ಲಕ್ಕಿಂತ ಅಪಾಯದ್ದು ಕೆರೆಯಂತೆ ಕಾಣುವ, ಆದರೆ ಕೆರೆಯಲ್ಲದ ನೀರು. ಮುರಕಲ್ಲು ತೆಗೆದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ ನೀಲಿಯಾಗಿ ಸುಂದರವಾಗಿ ಕಾಣುತ್ತವೆ. ಕೆರೆಗೆ ಮೆಟ್ಟಿಲು ಅಥವಾ ಇಳಿಜಾರು ಇರುತ್ತದೆ. ಕೋರೆಗೆ ಗೋಡೆಯಂತಹ ಅಂಚು. ಕಾಲು ಜಾರಿದರೆ ಹಿಡಿದು ಹತ್ತಲು ಏನೂ ಇಲ್ಲ. ಈಜು ಬಲ್ಲವರೂ ಅಲ್ಲಿ ಸೋಲುತ್ತಾರೆ. ಕೋರೆಯ ಬಳಿ ಶಿಬಿರ ಬೇಡ, ಆಟವೂ ಬೇಡ.

ನೀರು ಏರುವ ಮುನ್ಸೂಚನೆಗಳು

ತಿಳಿನೀರು ಕೆಂಪಾಗುವುದು. ಎಲೆ, ಕಡ್ಡಿ, ನೊರೆ ತೇಲಿ ಬರುವುದು. ಹೊಳೆಯ ಸದ್ದು ದಪ್ಪಗಾಗುವುದು. ನೀರಿನಂಚಿನಲ್ಲಿಟ್ಟ ಕಲ್ಲು ಮುಳುಗುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಕೂಡಲೇ ಮೇಲಕ್ಕೆ ಹೋಗಿ. ಹೊಳೆಯ ಉದ್ದಕ್ಕೂ ಓಡಬೇಡಿ, ಎತ್ತರಕ್ಕೆ ಓಡಿ. ಚೀಲ, ಚಪ್ಪಲಿ ಹುಡುಕುತ್ತ ನಿಲ್ಲಬೇಡಿ. ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದದ ನೀರೂ ದೊಡ್ಡವರನ್ನು ಬೀಳಿಸಬಲ್ಲದು.

ಹೊರಡುವ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ನಿಮ್ಮ ಊರಿನದ್ದು ಮಾತ್ರವಲ್ಲ, ಹೊಳೆ ಹುಟ್ಟುವ ಘಟ್ಟದ್ದೂ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಶಿಬಿರವನ್ನು ಮುಂದೂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹೊಳೆಗಳ ಬದಿಯಲ್ಲಿ ಡೇರೆ ಬೇಡವೇ ಬೇಡ. ಸೋಮೇಶ್ವರ ವನ್ಯಜೀವಿಧಾಮದಂತಹ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಹೆಬ್ರಿ–ಆಗುಂಬೆ ರಸ್ತೆಯಲ್ಲಿ ಅರಣ್ಯ ಇಲಾಖೆ ರೂಪಿಸಿದ ಸೀತಾನದಿ ಪ್ರಕೃತಿ ಶಿಬಿರವಿದೆ. ಅಂತಹ ಗೊತ್ತುಪಡಿಸಿದ ಜಾಗವೇ ಶಾಲೆಗಳಿಗೆ ಲೇಸು. ತುರ್ತು ಕರೆಗೆ 112, ಜಿಲ್ಲಾ ವಿಪತ್ತು ನಿರ್ವಹಣೆಗೆ 1077.

ಮಾಡಿ ನೋಡಿ

1. ಟ್ರೇಯಲ್ಲಿ ಒದ್ದೆ ಮರಳಿನ ಗುಡ್ಡ ಮಾಡಿ ಒಂದು ತೋಡು ಕೊರೆಯಿರಿ. ಮೇಲಿನಿಂದ ಚೊಂಬಿನಲ್ಲಿ ನೀರು ಹನಿಸಿ. ಬುಡದಲ್ಲಿ ಮರಳು ಯಾವ ಆಕಾರದಲ್ಲಿ ಹರಡಿತು? ಅಲ್ಲಿ ಬೆಂಕಿಪೆಟ್ಟಿಗೆಯೊಂದನ್ನು ಇಟ್ಟು ಇನ್ನೊಂದು ಚೊಂಬು ನೀರು ಒಮ್ಮೆಲೇ ಸುರಿಯಿರಿ.

2. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಶಾಲೆಯ ಅಂಗಳದ ಎರಡು ಜಾಗಗಳ ಎತ್ತರದ ವ್ಯತ್ಯಾಸ ಅಳೆಯಿರಿ. ಕಣ್ಣಿಗೆ ಸಮತಟ್ಟಾಗಿ ಕಂಡದ್ದು ನಿಜಕ್ಕೂ ಸಮತಟ್ಟೇ?

3. ಶಿಕ್ಷಕರೊಂದಿಗೆ ಹೋಗಿ ಸಣ್ಣ ತೋಡಿನಲ್ಲಿ ಒಣ ಎಲೆ ಬಿಡಿ. 10 ಮೀಟರ್ ಸಾಗಲು ಎಷ್ಟು ಸೆಕೆಂಡು? ವೇಗ ಲೆಕ್ಕ ಹಾಕಿ. ನೀರಿಗೆ ಇಳಿಯಬೇಡಿ.

4. ಮನೆಯ ಹಿರಿಯರನ್ನು ಕೇಳಿ: 2020ರ ನೆರೆಯ ನೀರು ನಮ್ಮ ಊರಿನಲ್ಲಿ ಎಲ್ಲಿಯವರೆಗೆ ಬಂದಿತ್ತು? ಅದಕ್ಕಿಂತ ಹಿಂದೆ? ಅವರು ತೋರಿಸಿದ ಗೋಡೆ, ಮರ, ಮೆಟ್ಟಿಲುಗಳನ್ನು ಊರಿನ ನಕ್ಷೆಯಲ್ಲಿ ನೀಲಿ ಚುಕ್ಕಿಯಿಂದ ಗುರುತಿಸಿ, ಚುಕ್ಕಿಗಳನ್ನು ಸೇರಿಸಿ. ಆ ಗೆರೆಯೇ ನಿಮ್ಮ ಊರಿನ ನೆರೆಯ ಗುರುತು.

ನಾಲ್ಕನೆಯದನ್ನು ಮರೆಯದೆ ಮಾಡಿ, ನಕ್ಷೆಯನ್ನು ತರಗತಿಯ ಗೋಡೆಗೆ ಹಚ್ಚಿ. ಗೆರೆಯ ಒಳಗೆ ಏನೇನಿದೆ ನೋಡಿ: ಆಟದ ಮೈದಾನವೇ, ಅಂಗನವಾಡಿಯೇ, ನಿಮ್ಮ ಗೆಳೆಯನ ಮನೆಯೇ? ಅಂದು ನಮ್ಮ 28 ಮಕ್ಕಳಿಗೆ ದಾರಿ ತೋರಿದ್ದು ಒಬ್ಬ ಅಜ್ಜಿಯ ನೆನಪು. ಅಂಥ ನೆನಪು ಹಿರಿಯರೊಂದಿಗೇ ಹೋಗಿಬಿಡದಂತೆ ಬರೆದಿಡುವ ಕೆಲಸ ನಿಮ್ಮದು.

ಉತ್ತರಿಸಿ

1. ಹೊಳೆಯ ತಿರುವಿನ ಒಳಬದಿಯಲ್ಲಿ ಮರಳು ಏಕೆ ಸೇರುತ್ತದೆ?
2. ಮಳೆ ಬಾರದ ಊರಿನಲ್ಲೂ ನೆರೆ ಬರುವುದು ಹೇಗೆ?
3. ಹೊಳೆಯ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ 21.6 ಕಿ.ಮೀ. ದೂರ ಸಾಗಲು ಎಷ್ಟು ಹೊತ್ತು ಬೇಕು?
4. ಕೆರೆಗೂ ಕಲ್ಲುಕೋರೆಗೂ ಇರುವ ಒಂದು ಮುಖ್ಯ ವ್ಯತ್ಯಾಸ ಬರೆಯಿರಿ.